ಪದ ಬೇಕು: ‘ಪಾರ್ಟಿಷನ್’ಗೆ ಏನನ್ನೋಣ? (ಸಂಜೆಯೊಳಗೆ)

ಭೋಸರಿ, ಪುಣೆ:
ಕಬ್ಬು ತೂಗುವ ಯಂತ್ರಕ್ಕೆ ಕೂರಿಸುವ ಬೋರ್ಡುಗಳು ನಾಳೆ ಮುಧೋಳಕ್ಕೆ ಹೊರಡುತ್ತವೆ. ಪರದೆಯ ಬರಹವೆಲ್ಲ ಕನ್ನಡಕ್ಕೆ ಬಂದಾಗಿದೆ, ಒಂದು ಸಾಲು ಬಿಟ್ಟು. ವಿದ್ಯುತ್ ಕೊಟ್ಟೊಡನೆ ಬೂಟ್‌ಲೋಡರ್ (ಬೋರ್ಡನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಮೆಮೊರಿಯನ್ನು ನೋಡುತ್ತದೆ. ಮೆಮೊರಿಯ ಯಾವ ಭಾಗ ಎಲ್ಲಿ ಎಂದು ಹೇಳುವ ಪಾರ್ಟಿಷನ್ ಪಟ್ಟಿ ಕಾಣದಿದ್ದರೆ ಯಾರನ್ನೂ ಕೇಳದೆ ತಾನೇ ಬರೆದುಬಿಡುತ್ತದೆ. ಆಗ ಮೂಡಬೇಕಾದ ಸಾಲು ನನ್ನ ಕರಡಿನಲ್ಲಿ ಹೀಗಿದೆ: ‘ಸಂಗ್ರಹಣೆಯು ಸ್ವಯಂಚಾಲಿತವಾಗಿ ವಿಭಜನೆಗೊಳ್ಳುತ್ತಿದೆ’. ಓದಿದರೆ 1947 ನೆನಪಾಗುತ್ತದೆ. ಪಕ್ಕದ ಮೇಜಿನ ಮರಾಠಿ ಗೆಳೆಯ ‘ವಾಟಣಿ’ ಎನ್ನುತ್ತಾನೆ; ಮುಧೋಳದ ಕಡೆ ಅದೂ ನಡೆದೀತು. ದಯವಿಟ್ಟು ಬೇಗ ತಿಳಿಸಿ.

ಮಾಟುಂಗ, ಮುಂಬಯಿ:
ಪಾಲು. ತಮಿಳಿನಲ್ಲಿ ‘ಪಾಲ್’, ಒಂದೇ ಬೇರು. ಪಟ್ಟಿಗೆ ‘ಪಾಲುಪಟ್ಟಿ’, ನೋಂದಣಿ ಕಚೇರಿಯಲ್ಲಿ ದಿನವೂ ಬಳಕೆಯಲ್ಲಿರುವ ಮಾತು. ‘ಸ್ವಯಂಚಾಲಿತ’ ಬೇಡ, ‘ತಾನಾಗಿ’ ಸಾಕು. ವಾಟಣಿ ಎಂದೇ ಬರೆಯುವುದಾದರೆ ಕನ್ನಡದ ಪರದೆಯಾದರೂ ಏಕೆ?

ವಾಸ್ಕೊ, ಗೋವಾ:
ಪಾಲು ಸಲ್ಲದು. ಪಾಲು ಎಂದ ಮೇಲೆ ಪಾಲುದಾರ ಇರಬೇಕು. ಇಲ್ಲಿರುವುದು ಎಲ್ಲಿಂದ ಎಲ್ಲಿಯವರೆಗೆ ಎಂಬ ಗಡಿಯ ಲೆಕ್ಕ ಮಾತ್ರ. ಅದಕ್ಕೆ ಕಂದಾಯದವರ ಬಳಿ ತಕ್ಕ ಪದವಿದೆ: ಪೋಡಿ. ಸರ್ವೆ ನಂಬರನ್ನು ಪೋಡಿ ಮಾಡುವಾಗ ಮಣ್ಣನ್ನು ಯಾರೂ ಅಗೆಯುವುದಿಲ್ಲ, ನಕ್ಷೆ ಮತ್ತು ಪಹಣಿ ಬದಲಾಗುತ್ತವೆ. ಇಲ್ಲೂ ಅಷ್ಟೇ. ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ, ಎಂಬಿಆರ್, ಎಂದರೆ ಮೊದಲ 512 ಬೈಟ್‌ಗಳ ಸೆಕ್ಟರಿನ ತುದಿಯಲ್ಲಿ ತಲಾ 16 ಬೈಟ್‌ಗಳ ನಾಲ್ಕು ನಮೂದುಗಳು. ಅವು ಕೆಟ್ಟರೂ ಫೈಲುಗಳು ಇದ್ದಲ್ಲೇ ಇರುತ್ತವೆ, ತಲುಪುವ ದಾರಿ ತಪ್ಪುತ್ತದೆ. ಹಾಗಿರುವಾಗ ‘ಪಟ್ಟಿ ಕಾಣಲಿಲ್ಲ’ ಎಂಬುದನ್ನು ‘ಖಾಲಿ ಇದೆ’ ಎಂದು ಬೂಟ್‌ಲೋಡರ್ ಹೇಗೆ ಅಂದುಕೊಳ್ಳುತ್ತದೆ? ವಿದ್ಯುತ್ ಏರುಪೇರಾಗಿ ಒಮ್ಮೆ ಓದು ತಪ್ಪಿದರೂ ಪಟ್ಟಿ ಕಾಣುವುದಿಲ್ಲ. ಹಂಗಾಮಿನ ತೂಕದ ಲೆಕ್ಕವೆಲ್ಲ ಆಗ ಹೊಸ ಗಡಿಗಳ ಅಡಿಯಲ್ಲಿ. ಹಿಂದೆಯೇ ಫಾರ್ಮ್ಯಾಟೂ ಆದರೆ ಮುಗಿಯಿತು.

ಇನ್ನೊಂದು ಮಾತು. ಎಸ್‌ಡಿ ಕಾರ್ಡಿನಿಂದ ಏಳುವ ಆಲ್‌ವಿನ್ನರ್ ಚಿಪ್ ಬೂಟ್‌ಲೋಡರನ್ನು ಹುಡುಕುವುದು 8 ಕೆಬಿ ದೂರದಲ್ಲಿ, ಅಂದರೆ 16ನೆಯ ಸೆಕ್ಟರಿನಲ್ಲಿ. ಹೊಸ ಬಗೆಯ ಪಟ್ಟಿಯಾದ ಜಿಪಿಟಿಯ 128 ನಮೂದುಗಳ ಪಟ್ಟಿ 2ರಿಂದ 33ನೆಯ ಸೆಕ್ಟರಿನವರೆಗೆ ಹರಡುತ್ತದೆ. ಬೂಟ್‌ಲೋಡರ್ ಪಟ್ಟಿ ಬರೆಯಲು ಹೋಗಿ ತನ್ನ ಮೇಲೆಯೇ ಬರೆದುಕೊಳ್ಳುತ್ತದೆ, ಮರುದಿನ ಬೋರ್ಡು ಏಳುವುದಿಲ್ಲ. ಇಎಂಎಂಸಿಯ (ಬೋರ್ಡಿಗೇ ಬೆಸೆದ ಮೆಮೊರಿ ಚಿಪ್) ಪ್ರತ್ಯೇಕ ಬೂಟ್ ಭಾಗದಲ್ಲಿ ಅದನ್ನು ಇಟ್ಟಿದ್ದರೆ ಬಚಾವು. ಯೂ-ಬೂಟ್ ಎಂಬ ಬೂಟ್‌ಲೋಡರಿನಲ್ಲಿ ಜಿಪಿಟಿ ಬರೆಯುವ ಆದೇಶ ಇದೆ, ನಿಜ. ಕಾರ್ಖಾನೆಯ ಮೇಜಿನ ಮೇಲೆ ಬಳಸಲಿ. ರೈತರ ಎದುರು ತಾನಾಗಿ ನಡೆಯಬಾರದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನಡೆಯುತ್ತದಲ್ಲ ಎಂದು ಯಾರೋ ಹೇಳುವ ಮೊದಲೇ ಹೇಳುತ್ತೇನೆ: ಅಲ್ಲಿ ಇರುವ ಪಾರ್ಟಿಷನ್ನನ್ನು ಹಿಗ್ಗಿಸುವುದು ಆಪರೇಟಿಂಗ್ ಸಿಸ್ಟಮ್.

ಮಾಟುಂಗ:
ಕೇಳಿದ್ದು ಪದ, ಪಾಠವಲ್ಲ. ಪೋಡಿ ಮರಾಠಿಯ ‘ಫೋಡ್’. ಮುಗಿಯಿತು.

ವಾಸ್ಕೊ:
ಹಳಗನ್ನಡದ ‘ಪೋೞ್’ ಎಂದರೂ ಸೀಳುವುದೇ. ಇಂದಿನ ಹೋಳು ಬಂದದ್ದು ಅದರಿಂದ. ಪೋಡಿಯೂ ಅಲ್ಲಿಂದಲೇ ಬಂದಿರಲಿಕ್ಕೆ ಸಾಕು.

ಮಾಟುಂಗ:
‘ಸಾಕು’ ಎಂದರೆ ಸಾಲದು. ೞಕಾರ ಹೀಗೆ ಡಕಾರವಾದ ಇನ್ನೊಂದು ಪದ ತೋರಿಸಿ, ಆಮೇಲೆ ಮಾತಾಡೋಣ.

ಠಾಣೆ:
‘ಕಚೇರಿ’ ಎಂದು ಬರೆಯುವಾಗ ಹಿರಿಯರು ಬೇರು ಅಗೆಯಲಿಲ್ಲವೇಕೆ? ಜಮೀನು, ಕಾಗದ, ಪಹಣಿ, ಎಲ್ಲ ಹೊರಗಿಟ್ಟು ಒಂದು ಅರ್ಜಿ ಬರೆದು ತೋರಿಸಿ. ‘ಅರ್ಜಿ’ಯೂ ಹೋಯಿತು ನೋಡಿ. ದುರಸ್ತಿಗೆ ಬರುವ ಹುಡುಗ ಫೋನಿನಲ್ಲಿ ಪಾರ್ಟಿಷನ್ ಎಂದೇ ಕೇಳುತ್ತಾನೆ, ಅದನ್ನೇ ಬರೆಯಿರಿ. ಪೋಡಿ ಎಂದು ಓದಿದ ರೈತ ಹೊಲದ ಉತಾರ ಹುಡುಕಿಕೊಂಡು ಹೊರಟಾನು.

ಭೋಸರಿ:
ಎಲ್ಲರಿಗೂ ವಂದನೆ. ಕೇಳದೆ ಬರೆಯುವ ಏರ್ಪಾಡನ್ನೇ ತೆಗೆಸಿದೆ. ಸಾಹೇಬರು ಗೊಣಗಿದರು, ಒಪ್ಪಿದರು. ಈಗಿನ ಸಾಲು: ‘ಪಾರ್ಟಿಷನ್ ಪಟ್ಟಿ ಕಾಣುತ್ತಿಲ್ಲ. ಹೊಸದು ಬರೆಯಬೇಕೇ? ಬರೆದರೆ ಹಳೆಯ ದಾಖಲೆ ಕೈಗೆ ಸಿಗದು. ಬರೆ / ಬೇಡ’. ಆಕ್ಷೇಪಣೆ ಇಲ್ಲದಿದ್ದರೆ ಇದನ್ನೇ ಕಳುಹಿಸುತ್ತೇನೆ.

ಮಾಟುಂಗ:
‘ದಾಖಲೆ’ ಅರಬ್ಬಿ.