ರೌಂಡ್ ತುಂಡಿಗೆ ಕಾಲಿಂಚು ಮಾರ್ಜಿನ್ ಬಿಡೋದು ಹೇಗೆ? ಗೊತ್ತಿರೋರು ಹೇಳಿ

ಕುವೆಂಪುನಗರ, ಮೈಸೂರು
ಡ್ರಂಕರ್ಡ್ಸ್ ಪಾತ್ ಮಾದರಿಯ ಕೌದಿ ಶುರು ಮಾಡಿದೀನಿ, ಅಂದರೆ ಪ್ರತಿ ಚೌಕದಲ್ಲೂ (ಬ್ಲಾಕ್) ಮೂಲೆಗೊಂದು ಕಾಲುವೃತ್ತದ ತುಂಡು, ಅದರ ಸುತ್ತ ಎಲ್ ಆಕಾರದ ತುಂಡು. ಹೊಲಿದ ಮೇಲೆ ಬ್ಲಾಕ್ 6 ಇಂಚು ಚೌಕ ಬರಬೇಕು, ಮೂಲೆಯ ಕಾಲುವೃತ್ತದ ತ್ರಿಜ್ಯ 4 ಇಂಚು. ನನ್ನ ಹತ್ರ ಇರೋ ರಟ್ಟಿನ ನಮೂನೆಗೆ ಮಾರ್ಜಿನ್ (ಹೊಲಿಗೆಗೆ ಅಂತ ಬಿಡೋ ಹೆಚ್ಚಿನ ಅಂಚು) ಇಲ್ಲ. ನೇರ ಅಂಚಿಗೆ ಸೇರಿಸೋದು ಗೊತ್ತು. ರೌಂಡಿಗೆ ಸೇರಿಸಿ ಕತ್ತರಿಸಿದರೆ ಎರಡು ತುಂಡು ಕೂಡೋದೇ ಇಲ್ಲ, ಬ್ಲಾಕ್ ಒಂದು ಕಡೆಗೆ ಎಳೆಯುತ್ತೆ. ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿದರೆ ಆಗುತ್ತಾ?

ಸರಸ್ವತಿಪುರಂ, ಮೈಸೂರು
ಜೆರಾಕ್ಸ್ ಬೇಡವೇ ಬೇಡ. 6 ಇಂಚಿನ ಚೌಕ 6½ ಆಗೋಕೆ ಶೇಕಡಾ 108ರಷ್ಟು ದೊಡ್ಡದು ಮಾಡಬೇಕು, 4 ಇಂಚಿನ ರೌಂಡು 4¼ ಆಗೋಕೆ 106 ಸಾಕು. ಒಂದೇ ಅಳತೆ ಎರಡಕ್ಕೂ ಹೊಂದಲ್ಲ. ಅದಕ್ಕಿಂತ ಮುಖ್ಯ, ಎಲ್ ಆಕಾರದ ತುಂಡಿನ ಒಳಬಾಗು ಮಾರ್ಜಿನ್ ಸೇರಿದಾಗ ಚಿಕ್ಕದಾಗಬೇಕು, 3¾ ಆಗಬೇಕು. ಜೆರಾಕ್ಸ್ ಅದನ್ನೂ ದೊಡ್ಡದು ಮಾಡಿಬಿಡುತ್ತೆ.

ನಮೂನೆಯನ್ನ ಹೊಸದಾಗಿ ಬರೆದುಬಿಡಿ, ಹತ್ತು ನಿಮಿಷದ ಕೆಲಸ. ರಟ್ಟಿನ ಒಂದು ಮೂಲೆ ಸೆಟ್ ಸ್ಕ್ವೇರ್ ಇಟ್ಟು ಸರಿಯಾಗಿ ಲಂಬ ಮಾಡಿಕೊಳ್ಳಿ. ಎರಡೂ ಅಂಚಿಂದ ಕಾಲಿಂಚು ಒಳಗೆ ಒಂದೊಂದು ಗೆರೆ ಎಳೀರಿ. ಆ ಗೆರೆಗಳು ಕೂಡೋ ಚುಕ್ಕಿಯೇ ಕೇಂದ್ರ. ಕೈವಾರದ ಮುಳ್ಳು ಅಲ್ಲೇ ಕೂರಬೇಕು, ರಟ್ಟಿನ ಮೂಲೆಯಲ್ಲಿ ಅಲ್ಲ. ಕಾಲುಚಕ್ರದ ತುಂಡಿಗೆ ಅಲ್ಲಿಂದ 4¼ ಇಂಚಿಗೆ ಕಮಾನು ಎಳೀರಿ. ಎಲ್ ತುಂಡಿಗೆ ಬೇರೆ ರಟ್ಟಿನಲ್ಲಿ 6½ ಇಂಚು ಚೌಕ ಬರೆದು, ಅದೇ ಥರ ಕಾಲಿಂಚು ಒಳಗೆ ಕೇಂದ್ರ ಗುರುತು ಮಾಡಿ 3¾ಕ್ಕೆ ಎಳೀರಿ. ಎರಡರಲ್ಲೂ 4 ಇಂಚಿನ ಕಮಾನನ್ನ ಚುಕ್ಕೆ ಚುಕ್ಕೆಯಾಗಿ ಬರೆದಿಡಿ, ಅದು ಹೊಲಿಗೆ ಗೆರೆ.

ಸರಿಯಾಯ್ತಾ ಅಂತ ಸ್ಕೇಲ್ ಇಟ್ಟು ನೋಡಿ. ಕಾಲುಚಕ್ರದ ನೇರ ಅಂಚು ತುದಿಯಿಂದ ತುದಿಗೆ 4½ ಇಂಚು ಇರಬೇಕು. ಎಲ್ ತುಂಡಿನ ಕಾಲಿನ ತುದಿ ಅಗಲ 2½. ಅಲ್ಲಿ 2¾ ಬಂದರೆ ಮುಳ್ಳು ಮೂಲೆಯಲ್ಲಿ ಕೂತಿತ್ತು ಅಂತ ಅರ್ಥ. ನಿಮ್ಮ ಬ್ಲಾಕ್ ಎಳೆಯೋಕೆ ಇದೇ ಕಾರಣ ಇರಬಹುದು, ತುಂಬ ಜನ ಎಡವೋದು ಇಲ್ಲೇ.

ಕೈವಾರ ಅಷ್ಟು ಅಗಲ ತೆರೆಯದಿದ್ದರೆ ಒಂದಿಂಚು ಅಗಲದ ರಟ್ಟಿನ ಪಟ್ಟಿ ತಗೊಂಡು ಒಂದು ತುದಿಗೆ ಗುಂಡುಪಿನ್ ಚುಚ್ಚಿ. ಅಲ್ಲಿಂದ 3¾, 4, 4¼ಕ್ಕೆ ಸಣ್ಣ ತೂತು ಮಾಡಿ ಪೆನ್ಸಿಲ್ ಮೊನೆ ಇಟ್ಟು ತಿರುಗಿಸಿ.

ಪೇಟೆ ಬೀದಿ, ಮಂಡ್ಯ
ಮೇಲಿನವರು ಹೇಳಿದ್ದು ವೃತ್ತಕ್ಕೆ ಸರಿ. ಹೂವಿನ ಎಸಳು, ಅಲೆ ಥರದ ನಮೂನೆಗೆ ಕೇಂದ್ರವೇ ಸಿಗಲ್ಲ. ಅಲ್ಲಿ ವಾಷರ್ ಉಪಯೋಗಕ್ಕೆ ಬರುತ್ತೆ. ಹಾರ್ಡ್‌ವೇರ್ ಅಂಗಡಿಗೆ ಸ್ಕೇಲ್ ತಗೊಂಡು ಹೋಗಿ, ತೂತಿನ ಅಂಚಿಂದ ಹೊರಗಿನ ಅಂಚಿಗೆ 6 ಮಿಲಿಮೀಟರ್ ಇರೋದನ್ನ ಆರಿಸಿ. ಮೊನೆಯ ದಪ್ಪ ಸೇರಿ ಕಾಲಿಂಚಿಗೆ ಬಂದು ನಿಲ್ಲುತ್ತೆ. ನಮೂನೆಯ ಅಂಚಿಗೆ ವಾಷರ್ ಒತ್ತಿ, ತೂತಲ್ಲಿ ಪೆನ್ಸಿಲ್ ಇಟ್ಟು, ಮೊನೆಯನ್ನ ನಮೂನೆ ಕಡೆಗೇ ತಾಗಿಸಿ ಉರುಳಿಸ್ತಾ ಹೋಗಿ. ವಾಷರ್‌ಗಿಂತ ಇಕ್ಕಟ್ಟಾದ ಒಳಬಾಗಿಗೆ ಅದು ಇಳಿಯಲ್ಲ. ಅಲ್ಲಿ ಅರ್ಧರ್ಧ ಇಂಚಿಗೆ ಅಂಚಿಂದ ಕಾಲಿಂಚು ಅಳೆದು ಚುಕ್ಕಿ ಇಟ್ಟು ಕೂಡಿಸಿ. ಅಳೆಯುವಾಗ ಸ್ಕೇಲು ಆ ಜಾಗದ ಬಾಗಿಗೆ ನೆಟ್ಟಗೆ ಅಡ್ಡ ನಿಲ್ಲಬೇಕು. ಎಲ್ಲಾ ಕಡೆ ಮೇಲ್ಮುಖವಾಗೇ ಅಳೆದರೆ ನೆತ್ತಿಯಲ್ಲಿ ಕಾಲಿಂಚು ಇರುತ್ತೆ, ಪಕ್ಕಕ್ಕೆ ಬರ್ತಾ ಬರ್ತಾ ಸಣ್ಣಗಾಗಿಬಿಡುತ್ತೆ.

ಎರಡು ಪೆನ್ಸಿಲ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಗೆರೆ ಎಳೆಯೋ ಉಪಾಯ ತುಂಬ ಕಡೆ ಹೇಳ್ತಾರೆ. ನಾನು ಒಪ್ಪಲ್ಲ. ಸಾಮಾನ್ಯ ಪೆನ್ಸಿಲ್ ದಪ್ಪ 7 ಮಿಲಿಮೀಟರ್ ಹತ್ತಿರ, ಕಾಲಿಂಚು ಅಂದರೆ 6.35. ಮಿಷನ್ನಲ್ಲಿ ಹೊಲಿಯೋದು ಕಾಲಿಂಚಿಗೇ ಆದ್ದರಿಂದ ಉಬ್ಬಿರೋ ತುಂಡಿನ ಹೊಲಿಗೆ ಗೆರೆ ದೊಡ್ಡದಾಗುತ್ತೆ, ಬಾಗಿರೋ ತುಂಡಿನದು ಚಿಕ್ಕದಾಗುತ್ತೆ. ಒಂದು ಕಾಲುವೃತ್ತಕ್ಕೇ 2 ಮಿಲಿಮೀಟರ್ ವ್ಯತ್ಯಾಸ, ಅಷ್ಟು ಬಟ್ಟೆ ಸುಕ್ಕಾಗಿ ಕೂರುತ್ತೆ. ಬೇಕೇ ಬೇಕು ಅಂದರೆ ಒಂದೊಂದು ಪೆನ್ಸಿಲ್‌ನ ಒಳಬದಿ ಬ್ಲೇಡಿಂದ ಸ್ವಲ್ಪ ಹೆರೆದು ಕಟ್ಟಿ, ಸ್ಕೇಲ್ ಮೇಲೆ ಅಳೆದುಕೊಂಡೇ ಶುರು ಮಾಡಿ.

ನಮೂನೆಗೆ ಹಳೇ ಎಕ್ಸ್‌ರೇ ಶೀಟ್ ರಟ್ಟಿಗಿಂತ ಒಳ್ಳೇದು. ರಟ್ಟಿನ ಅಂಚು ಇಪ್ಪತ್ತು ಮೂವತ್ತು ಸಲ ಗೆರೆ ಎಳೆಯೋ ಹೊತ್ತಿಗೆ ಸವೆಯುತ್ತೆ.

ಶ್ರೀರಂಗಪಟ್ಟಣ
ಅಕ್ಕಾ, ನಮೂನೆ ಸರಿ ಇದ್ದರೂ ಎರಡು ಅಂಚು ಪಕ್ಕ ಪಕ್ಕ ಇಟ್ಟಾಗ ಉದ್ದ ಬೇರೆ ಬೇರೆಯೇ ಕಾಣುತ್ತೆ, ಹೆದರಬೇಡಿ. ನಿಮ್ಮ ಅಳತೆಯಲ್ಲಿ ಕಾಲುಚಕ್ರದ ಹೊರ ಅಂಚು 6.7 ಇಂಚು, ಎಲ್ ತುಂಡಿನ ಒಳ ಅಂಚು 5.9. ಹೊಲಿಗೆ ಗೆರೆ ಮಾತ್ರ ಎರಡರಲ್ಲೂ 6.3. ಕಾಲುವೃತ್ತ ಎಷ್ಟೇ ದೊಡ್ಡದಿರಲಿ ಈ ಮುಕ್ಕಾಲಿಂಚಿನ ಚಿಲ್ಲರೆ ವ್ಯತ್ಯಾಸ ಬದಲಾಗಲ್ಲ. ಆದ್ದರಿಂದಲೇ ಒಂದೂವರೆ ಇಂಚಿನ ರೌಂಡು ಕಷ್ಟ: ಅಲ್ಲಿ 2¾ ಇಂಚಿನ ಅಂಚನ್ನ 2 ಇಂಚೂ ಇಲ್ಲದ ಅಂಚಿಗೆ ಕೂಡಿಸಬೇಕು.

ಬ್ಲೌಸಿನ ತೋಳನ್ನ ಬಗಲಿಗೆ ಕೂಡಿಸೋ ಕ್ರಮವೇ ಇಲ್ಲೂ. ಎರಡೂ ತುಂಡನ್ನ ಅರ್ಧಕ್ಕೆ ಮಡಚಿ ನಡು ಗುರುತು ಮಾಡಿ. ಮೊದಲು ನಡುವಿಗೆ ಪಿನ್, ಆಮೇಲೆ ಎರಡು ತುದಿಗೆ, ಆಮೇಲೆ ಮಧ್ಯದ ಜಾಗಕ್ಕೆ. ಎಲ್ ತುಂಡು ಮೇಲೆ ಇರಲಿ, ಕಾಲುಚಕ್ರ ಕೆಳಗೆ. ಒಳಬಾಗಿಗೆ ಮಾತ್ರ ಅರ್ಧರ್ಧ ಇಂಚಿಗೆ ಕಟ್ ಕೊಡಿ, ಆಳ ಅರೆಕಾಲು ಇಂಚು ಸಾಕು. ಅದಕ್ಕಿಂತ ಆಳ ಹೋದರೆ ಹೊಲಿಗೆ ಪಕ್ಕ ಪಿಸಿಯುತ್ತೆ. ಕೈಯಲ್ಲಿ ಎಳೆದು ಕೂಡಿಸಬೇಡಿ. ನೇರ ಅಂಚು ಬಟ್ಟೆಯ ಎಳೆಗೆ ಸರಿಯಾಗಿದ್ದರೆ ಕಮಾನಿನ ನಡು ಕ್ರಾಸ್ ಮೇಲೆ, ಅಂದರೆ ಎಳೆಗೆ ಓರೆಯಾಗಿ ಬಂದಿರುತ್ತೆ, ಸ್ವಲ್ಪ ಎಳೆದರೂ ಹಿಗ್ಗಿ ನಿಲ್ಲುತ್ತೆ. ಕತ್ತರಿಸೋಕೆ ಮುಂಚೆ ಬಟ್ಟೆಗೆ ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಈ ಕಾಟ ಕಮ್ಮಿ.

ಹೊಲಿದ ಮೇಲೆ ಮಾರ್ಜಿನ್ ಎಲ್ ತುಂಡಿನ ಕಡೆಗೆ ಮಡಚಿ ಇಸ್ತ್ರಿ ಮಾಡಿ, ಕಟ್ ಬಿಚ್ಚಿಕೊಂಡು ಚಪ್ಪಟೆ ಕೂರುತ್ತೆ. ಕಾಲುಚಕ್ರದ ಕಡೆಗೆ ಮಡಚಿದರೆ ಉದ್ದದ ಅಂಚಿಗೆ ಜಾಗ ಸಾಲದೆ ಗಂಟು ಗಂಟಾಗುತ್ತೆ.

ಪೇಟೆ ಬೀದಿ, ಮಂಡ್ಯ
4 ಇಂಚಿನ ರೌಂಡಿಗೆ ಕಟ್ ಬೇಕಾಗೇ ಇಲ್ಲ, ಮೆತ್ತನೆ ಪಾಪ್ಲಿನ್ ಆದರೆ ಹಾಗೇ ಕೂಡುತ್ತೆ. ಮೂರು ಇಂಚಿಗಿಂತ ಚಿಕ್ಕದಿದ್ದರೆ ಖಂಡಿತ ಹಾಕಿ. ಗಂಜಿ ಹಾಕಿದ ಬಟ್ಟೆಗೂ ಹಾಕಿ.

ಜಯಲಕ್ಷ್ಮೀಪುರಂ, ಮೈಸೂರು
ಎರಡು ವಿಷಯ ಬಿಟ್ಟುಹೋಗಿದೆ. ಅಮೆರಿಕದ ನಮೂನೆಗಳು ಸಾಮಾನ್ಯವಾಗಿ 8½ ಇಂಚು ಅಗಲದ ಲೆಟರ್ ಕಾಗದಕ್ಕೆ ಮಾಡಿರ್ತಾರೆ. ನಮ್ಮ ಎ4 ಅದಕ್ಕಿಂತ ಸುಮಾರು ಕಾಲಿಂಚು ಕಿರಿದು. ಪ್ರಿಂಟ್ ಹಾಕಿಸುವಾಗ ಹಾಳೆಗೆ ಹೊಂದಿಸೋ ಆಯ್ಕೆ ತೆಗೆಸಿ, ನೂರಕ್ಕೆ ನೂರು ಅಳತೆಯಲ್ಲೇ ಹಾಕಿಸಿ. ನಮೂನೆಯಲ್ಲಿ ಒಂದಿಂಚಿನ ಚೌಕ ಕೊಟ್ಟಿದ್ದರೆ ಅಳೆದು ನೋಡಿಯೇ ಕತ್ತರಿಸಿ.

ಇನ್ನೊಂದು ಮಿಷನ್ನಿನ ಕಾಲಿಂಚು. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕೂಡಿಸಿ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬರಬೇಕು. ಕಮ್ಮಿ ಬಂದರೆ ಹೊಲಿಗೆ ಒಂದು ದಾರದಷ್ಟು ಅಂಚಿನ ಕಡೆಗೆ ಸರೀಬೇಕು, ಹೆಚ್ಚು ಬಂದರೆ ಒಳಗೆ. ಆ ಜಾಗಕ್ಕೆ ಸೂಜಿ ಪ್ಲೇಟ್ ಮೇಲೆ ಟೇಪ್ ಅಂಟಿಸಿಟ್ಟುಕೊಳ್ಳಿ, ಬಟ್ಟೆ ಒತ್ತಿಹಿಡಿಯೋ ಫೂಟಿನ ಅಂಚು ನಂಬಬೇಡಿ.