ಒಬ್ಬ ರೋಗಿ, ಇಡೀ ಜನಸಮುದಾಯ: ಪಾಪ್ಯುಲೇಷನ್ ಹೆಲ್ತ್ ಅಂದರೇನು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದೀನಿ. ಈ ಸಲ ‘ಪಾಪ್ಯುಲೇಷನ್ ಹೆಲ್ತ್’ ಅಂತ ಒಂದು ಪಾಠ ಇದೆ. ವಾರ್ಡಿನಲ್ಲಿ ನಾವು ನೋಡೋದು ಒಬ್ಬೊಬ್ಬ ರೋಗಿಯನ್ನು. ಒಬ್ಬೊಬ್ಬರ ಆರೋಗ್ಯ ಕೂಡಿಸಿದರೆ ಜನರ ಆರೋಗ್ಯ ಆಗುತ್ತಲ್ಲ, ಅದಕ್ಕೊಂದು ಬೇರೆ ವಿಷಯ ಯಾಕೆ ಬೇಕು?

ಉತ್ತರ (ಸಮುದಾಯ ವೈದ್ಯಶಾಸ್ತ್ರದ ವೈದ್ಯೆ): ಒಳ್ಳೆಯ ಜಾಗದಿಂದಲೇ ಶುರು ಮಾಡಿದ್ದೀರಿ. ‘ಈ ಮನುಷ್ಯನಿಗೆ ಬಿಪಿ ಯಾಕೆ ಬಂತು?’ ಅನ್ನೋದು ಒಂದು ಪ್ರಶ್ನೆ. ‘ಈ ಜನರಲ್ಲಿ ಬಿಪಿ ಇಷ್ಟು ಸಾಮಾನ್ಯ, ಆ ಜನರಲ್ಲಿ ಅಪರೂಪ, ಯಾಕೆ?’ ಅನ್ನೋದು ಇನ್ನೊಂದು. ಮೊದಲನೆಯದರ ಉತ್ತರ ಎರಡನೆಯದಕ್ಕೆ ಸಾಕಾಗುವುದಿಲ್ಲ. ಬ್ರಿಟನ್ನಿನ ವೈದ್ಯ ಜೆಫ್ರಿ ರೋಸ್ 1985ರಲ್ಲಿ ಬರೆದ ಲೇಖನದಲ್ಲಿ ಕೀನ್ಯಾದ ಅಲೆಮಾರಿಗಳ ಬಿಪಿಯನ್ನೂ ಲಂಡನ್ನಿನ ಸರ್ಕಾರಿ ನೌಕರರ ಬಿಪಿಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಲಂಡನ್ನಿನಲ್ಲಿ ನಾಲ್ಕಾರು ರೋಗಿಗಳು ಹೆಚ್ಚಿದ್ದಾರೆ ಅನ್ನುವಷ್ಟೇ ಆಗಿರಲಿಲ್ಲ. ಆರೋಗ್ಯವಂತರು ಅನ್ನಿಸಿಕೊಂಡವರನ್ನೂ ಸೇರಿಸಿ ಇಡೀ ಗುಂಪಿನ ಬಿಪಿಯೇ ಮೇಲಕ್ಕೆ ಸರಿದಿತ್ತು.

ಅವರದೇ ಇನ್ನೊಂದು ಮಾತು ನನಗೆ ತುಂಬಾ ಇಷ್ಟ. ಎಲ್ಲರೂ ದಿನಕ್ಕೆ 20 ಸಿಗರೇಟು ಸೇದುವ ಸಮಾಜವೊಂದಿದೆ ಅಂದುಕೊಳ್ಳಿ. ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದವರನ್ನೂ ಬರದವರನ್ನೂ ಎಷ್ಟೇ ಹೋಲಿಸಿ ನೋಡಿದರೂ ಸಿಗರೇಟು ಕಾರಣ ಅಂತ ಗೊತ್ತಾಗುವುದೇ ಇಲ್ಲ. ಅದು ವಂಶವಾಹಿಯಿಂದ ಬರುವ ಕಾಯಿಲೆ ಅನ್ನಿಸಿಬಿಡುತ್ತದೆ. ಎಲ್ಲರನ್ನೂ ಒಂದೇ ಸಮನೆ ಮುಟ್ಟಿರುವ ಕಾರಣ ಆ ಗುಂಪಿನೊಳಗೆ ನಿಂತು ನೋಡಿದವರಿಗೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಗುಂಪನ್ನು ಗುಂಪಿನ ಜೊತೆ ಹೋಲಿಸಬೇಕು. ನಿಮ್ಮ ಪಾಠ ಇರುವುದು ಇದಕ್ಕಾಗಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಒಳ್ಳೇ ಆಸ್ಪತ್ರೆ, ಒಳ್ಳೇ ಔಷಧಿ ಇದ್ದರೆ ಜನ ತಾವಾಗಿಯೇ ಆರೋಗ್ಯವಾಗಿ ಇರ್ತಾರಲ್ವಾ ಮೇಡಂ?

ಉತ್ತರ: ಒಂದು ಮಟ್ಟಿಗೆ ನಿಜ. ಸಿಡುಬು ಲಸಿಕೆಯಿಂದಲೇ ತೊಲಗಿತು, 1980ರಲ್ಲಿ ಅದು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆದರೆ ಕ್ಷಯದ ಚರಿತ್ರೆ ನೋಡಿ. ಇಂಗ್ಲೆಂಡಿನಲ್ಲಿ ಕ್ಷಯದ ಸಾವು 19ನೇ ಶತಮಾನದಿಂದಲೇ ಇಳಿಯುತ್ತಾ ಬಂದಿತ್ತು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಅದರ ರೋಗಾಣುವನ್ನು ಕಂಡುಹಿಡಿದದ್ದು 1882ರಲ್ಲಿ. ಮೊದಲ ಪರಿಣಾಮಕಾರಿ ಔಷಧ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅಷ್ಟರಲ್ಲಿ ಸಾವಿನ ಬಹುಪಾಲು ಇಳಿದಾಗಿತ್ತು. ಬ್ರಿಟನ್ನಿನ ವೈದ್ಯ ಥಾಮಸ್ ಮೆಕಿಯೋನ್ ಇದಕ್ಕೆ ಮುಖ್ಯವಾಗಿ ಆಹಾರವೇ ಕಾರಣ ಅಂದರು. ಆಮೇಲಿನವರು ಒಪ್ಪಲಿಲ್ಲ, ಚರಂಡಿ, ಶುದ್ಧ ನೀರು, ಮನೆಗಳ ಸುಧಾರಣೆ, ಅದಕ್ಕೆ ದುಡ್ಡು ಹಾಕಿದ ನಗರಾಡಳಿತ, ಇವನ್ನು ಮುಂದಿಟ್ಟರು. ನನಗೂ ಎರಡನೆಯ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ. ಹಾಗಂತ ಔಷಧಿ ಬೇಡವೆಂದಲ್ಲ. ಇವತ್ತಿನ ಕ್ಷಯರೋಗಿಗೆ ಔಷಧಿ ಬೇಕೇ ಬೇಕು.

ಸೀಸ ಬೆರೆಸಿದ ಪೆಟ್ರೋಲನ್ನೂ ನೆನಪಿಸಿಕೊಳ್ಳಿ. 1920ರ ದಶಕದಲ್ಲಿ ಶುರುವಾದದ್ದು, ಕೊನೆಯ ದೇಶ ಅಲ್ಜೀರಿಯಾ ಅದರ ಮಾರಾಟ ನಿಲ್ಲಿಸಿದ್ದು 2021ರಲ್ಲಿ. ಅಷ್ಟು ವರ್ಷ ಮಕ್ಕಳ ಮಿದುಳಿಗೆ ಪೆಟ್ಟು ಕೊಟ್ಟ ಆ ಗಾಳಿಯನ್ನು ಯಾವ ತಾಯಿಯೂ ತನ್ನ ಮಗುವಿಗೆ ಆರಿಸಿಕೊಂಡಿರಲಿಲ್ಲ. ಅದಕ್ಕೆ ಕ್ಲಿನಿಕ್ಕಿನಲ್ಲಿ ಮದ್ದೂ ಇರಲಿಲ್ಲ. ಮದ್ದು ಇದ್ದದ್ದು ಕಾನೂನಿನಲ್ಲಿ.

ಪ್ರಶ್ನೆ (ಅದೇ ಸದಸ್ಯರು): ಅಂದ್ರೆ ಕೊನೆಗೆ ಎಲ್ಲಾ ಬಡತನದಿಂದಲೇ ಅನ್ನಿ.

ಉತ್ತರ: ಬಡತನ ಬಹಳ ದೊಡ್ಡ ಕಾರಣ, ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. 17,000ಕ್ಕೂ ಹೆಚ್ಚು ಗಂಡಸರು. ಎಲ್ಲರಿಗೂ ಕಾಯಂ ಕೆಲಸ, ಕೂತು ಮಾಡುವ ಕಚೇರಿ, ಸರ್ಕಾರಿ ವೈದ್ಯಸೇವೆ. ಹಾಗಿದ್ದೂ ತೀರಾ ಕೆಳದರ್ಜೆಯವರ ಸಾವಿನ ಪ್ರಮಾಣ ಮೇಲಧಿಕಾರಿಗಳದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ಮುಖ್ಯವಾದ ವಿಷಯ ಏನೆಂದರೆ, ಎರಡನೇ ದರ್ಜೆಯವರೂ ಮೊದಲನೇ ದರ್ಜೆಯವರಿಗಿಂತ ಹೆಚ್ಚು ಸಾಯುತ್ತಿದ್ದರು. ಅವರನ್ನು ಯಾರೂ ಬಡವರು ಅನ್ನಲಾರರು. ಬೀಡಿ ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದರೂ ಹೃದಯಾಘಾತದ ಸಾವಿನ ಈ ಅಂತರದಲ್ಲಿ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ವಿವರಿಸಲು ಆಯಿತು. ತನ್ನ ಕೆಲಸದ ಮೇಲೆ ತನಗೆಷ್ಟು ಹಿಡಿತವಿದೆ ಅನ್ನುವುದೂ ಹೃದಯಕ್ಕೆ ಮುಖ್ಯ ಅಂತ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಮುಂದಿನ ಅಧ್ಯಯನದಲ್ಲಿ ತೋರಿಸಿದರು.

ಪ್ರಶ್ನೆ (ಮೊದಲು ಕೇಳಿದವರು): ಹಾಗಿದ್ರೆ ‘ಉಪ್ಪು ಕಡಿಮೆ ಮಾಡಿ, ಸಿಗರೇಟ್ ಬಿಡಿ’ ಅಂತ ರೋಗಿಗೆ ಹೇಳೋದರಲ್ಲಿ ಅರ್ಥ ಇಲ್ವಾ?

ಉತ್ತರ: ಖಂಡಿತ ಹೇಳಿ. ನಿಮ್ಮ ಮುಂದೆ ಕೂತವರಿಗೆ ಆ ಮಾತು ಬೇಕು. ಆದರೆ ಹೇಳಿದ ಮೇಲೂ ಬಿಡಲಾಗದವರನ್ನು ದಯವಿಟ್ಟು ಬೈಯಬೇಡಿ. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ ಮಧ್ಯವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ವಿಪರೀತವಾಗಿದ್ದಾಗ 1972ರಲ್ಲಿ ಒಂದು ಯೋಜನೆ ಶುರುವಾಯಿತು. ಅವರು ಉಪದೇಶ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮಹಿಳಾ ಸಂಘಗಳ ಜೊತೆ ಸೇರಿ ಅಡುಗೆ ಬದಲಿಸಿದರು, ಆಹಾರ ಕಂಪನಿಗಳ ಜೊತೆ ಕೂತು ಕೊಬ್ಬು, ಉಪ್ಪು ಕಡಿಮೆ ಮಾಡಿಸಿದರು, ಹಾಲು ಮಾರಿ ಬದುಕುತ್ತಿದ್ದ ರೈತರಿಗೆ ಬೆರಿ ಹಣ್ಣು ಬೆಳೆಯುವ ದಾರಿ ತೋರಿಸಿದರು. ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು. ಫಿನ್ಲೆಂಡಿನ ಉಳಿದ ಕಡೆಯೂ ಇಳಿದದ್ದರಿಂದ ಯೋಜನೆಯ ಪಾಲೆಷ್ಟು ಅನ್ನುವ ಚರ್ಚೆ ಇದೆ. ಆದರೂ ಸುತ್ತಲಿನ ಅಂಗಡಿ, ಅಡುಗೆಮನೆ, ಹೊಲ ಬದಲಾದಾಗ ಒಬ್ಬೊಬ್ಬರೂ ಒಂಟಿಯಾಗಿ ಹೋರಾಡುವುದು ತಪ್ಪುತ್ತದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಪರೀಕ್ಷೆಗೆ ಒಂದು ವ್ಯಾಖ್ಯೆ ಹೇಳ್ತೀರಾ?

ಉತ್ತರ: ಸಂಶೋಧಕರಾದ ಕಿಂಡಿಗ್ ಮತ್ತು ಸ್ಟಾಡಾರ್ಟ್ 2003ರಲ್ಲಿ ಕೊಟ್ಟದ್ದನ್ನು ಬರೆಯಿರಿ: ಒಂದು ಗುಂಪಿನ ಜನರ ಆರೋಗ್ಯದ ಫಲಿತಾಂಶಗಳು, ಮತ್ತು ಆ ಗುಂಪಿನೊಳಗೆ ಅವು ಹಂಚಿಹೋಗಿರುವ ರೀತಿ. ಹೆಚ್ಚಿನವರು ಎರಡನೇ ಅರ್ಧವನ್ನು ಬಿಟ್ಟುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದರ 2008ರ ವರದಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಅಂಕಿ ಇದೆ. ಕಾಲ್ಟನ್ ಬಡಾವಣೆಯಲ್ಲಿ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯಸ್ಸು 54 ವರ್ಷ, ಕೆಲವೇ ಮೈಲು ದೂರದ ಲೆನ್ಜಿಯಲ್ಲಿ 82. ಇಡೀ ಊರಿನ ಸರಾಸರಿ ತೆಗೆದರೆ ಈ 28 ವರ್ಷ ಎಲ್ಲೂ ಕಾಣುವುದಿಲ್ಲ. ಹಾಗಾಗಿ ಪಠ್ಯದಲ್ಲಿ ಸರಾಸರಿಯ ಪಟ್ಟಿ ಬಂದಾಗಲೆಲ್ಲ ಬಡಾವಣೆವಾರು, ವರ್ಗವಾರು ಅಂಕಿ ಎಲ್ಲಿದೆ ಅಂತ ಮೇಷ್ಟ್ರನ್ನು ಕೇಳಿ.