ಬಾಣಂತಿಯ ಮುಂದೆ ಆಡುವ ಮಾತು

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತದೆ. ಕೈಯಲ್ಲಿ ಕೆಲಸ ಇದ್ದರೆ ಮುಗಿಸಿಕೊಂಡು ಆಮೇಲೆ ಕೇಳಿ, ಆದರೆ ಅರ್ಧಕ್ಕೆ ಬಿಡಬೇಡಿ.

ನಿನ್ನೆ ಸಂಜೆ ಅತ್ತಿಗೆ ನಮ್ಮ ಮನೆಯವರ ಈ ಗ್ರೂಪಿಗೆ, ಪುಟ್ಟಿಯ ಮಗುವಿಗೆ ನೀರು ಹಾಕಿ ಮಲಗಿಸಿದ ಫೋಟೋ ಕಳಿಸಿದರು. ಅದರ ಕೆಳಗೆ ಬಂದ ಮಾತುಗಳನ್ನು ಒಂದು ಸಲ ಓದುತ್ತೇನೆ, ಯಾರ ಹೆಸರೂ ಬೇಡ. ‘ಮಗು ಯಾಕೆ ಇಷ್ಟು ಸೊರಗಿದೆ?’ ‘ಹಾಲು ಸಾಲ್ತಾ ಇಲ್ಲ ಅನ್ಸುತ್ತೆ.’ ‘ನಮ್ಮ ಮನೇಲಿ ಯಾರಿಗೂ ಹಾಲು ಕಮ್ಮಿ ಇರಲಿಲ್ಲಪ್ಪ.’ ‘ರಾತ್ರಿ ಒಂದು ಹೊತ್ತು ಡಬ್ಬಿ ಹಾಲು ಕೊಡಿ, ಹೊಟ್ಟೆ ತುಂಬಿದರೆ ಮಲಗುತ್ತೆ.’

ಪುಟ್ಟಿಯೂ ಇದೇ ಗ್ರೂಪಿನಲ್ಲಿ ಇದ್ದಾಳೆ. ರಾತ್ರಿ ಎರಡು ಗಂಟೆಗೆ ಹಾಲು ಕುಡಿಸುತ್ತಾ ಇದನ್ನೆಲ್ಲ ಒಂದೊಂದೇ ಓದಿದ್ದಾಳೆ. ಬೆಳಿಗ್ಗೆ ನನಗೆ ಫೋನ್ ಮಾಡಿ ‘ಅತ್ತೆ, ನನಗೆ ಹಾಲೇ ಬರಲ್ವಾ?’ ಅಂತ ಕೇಳಿದಳು. ಆಮೇಲೆ ಅವಳಿಗೆ ಮಾತಾಡಲು ಆಗಲಿಲ್ಲ. ಅವಳನ್ನು ಕೇಳಿಯೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ದಯವಿಟ್ಟು ಹಾಗೆಲ್ಲ ಹೇಳಬೇಡಿ ಅಂತ ನಾನು ಒಂದು ಸಾಲು ಹಾಕಿದ್ದಕ್ಕೆ ದೊಡ್ಡಣ್ಣ ಕೇಳಿದರು: ‘ಒಳ್ಳೇದಕ್ಕೇ ಅಲ್ವಾ ಹೇಳಿದ್ದು? ಬರೀ ಮಾತಿಗೆ ಹಾಲು ಬತ್ತಿಹೋಗುತ್ತಾ?’

ದೊಡ್ಡಣ್ಣ, ಒಳ್ಳೆಯದಕ್ಕೇ ಹೇಳಿದ್ದು ಅಂತ ನನಗೆ ಚೆನ್ನಾಗಿ ಗೊತ್ತು. ಈ ಮಗು ಅಂದರೆ ನಿಮಗೆಲ್ಲ ಎಷ್ಟು ಆಸೆ ಅನ್ನುವುದೂ ಗೊತ್ತು. ಆದರೆ ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡಿ ರಿಟೈರ್ ಆದವಳು ನಾನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮಾತಿಗೆ ಹಾಲು ನಿಲ್ಲುತ್ತದೆ. ಎಷ್ಟೋ ಸಲ ನೋಡಿದ್ದೇನೆ. ಅದು ಹೇಗೆ ಅಂತಲೂ ಹೇಳುತ್ತೇನೆ.

ಎದೆಯಲ್ಲಿ ಹಾಲು ತಯಾರಾಗುವುದು ಒಂದು ಕೆಲಸ, ಅದು ಹೊರಗೆ ಬರುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಹಾರ್ಮೋನು. ತಯಾರು ಮಾಡಿಸುವುದು ಪ್ರೊಲ್ಯಾಕ್ಟಿನ್. ಮಗು ಚೀಪಿದಷ್ಟೂ ಅದು ಬರುತ್ತದೆ. ಹೊರಗೆ ತಳ್ಳುವುದು ಆಕ್ಸಿಟೋಸಿನ್. ಅದು ತಾಯಿಯ ಮೆದುಳಿನಿಂದ ರಕ್ತಕ್ಕೆ ಇಳಿದು, ಎದೆಯೊಳಗಿನ ಸಣ್ಣ ಸಣ್ಣ ಹಾಲಿನ ಚೀಲಗಳನ್ನು ಹಿಂಡುತ್ತದೆ. ಮಗು ಚೀಪಿದರೆ ಬರುತ್ತದೆ, ಮಗುವಿನ ಅಳು ಕೇಳಿದರೂ ಬರುತ್ತದೆ. ಪಕ್ಕದ ಮಂಚದ ಮಗು ಅತ್ತರೂ ಈ ತಾಯಿಯ ರವಿಕೆ ಒದ್ದೆಯಾಗುವುದು ಇದಕ್ಕೇ. ಆದರೆ ಹೆದರಿಕೆ, ನೋವು, ಅವಮಾನ ಆದರೆ ಇದೇ ಆಕ್ಸಿಟೋಸಿನ್ ಬರುವುದು ಕಮ್ಮಿಯಾಗುತ್ತದೆ. ಎದೆ ತುಂಬ ಹಾಲಿದ್ದರೂ ಮಗುವಿನ ಬಾಯಿಗೆ ಸರಿಯಾಗಿ ಬರುವುದಿಲ್ಲ.

ಹಸು ಕಟ್ಟಿದ ನಮಗೆ ಇದು ಹೊಸ ವಿಷಯವೇನಲ್ಲ. ಹಾಲು ಕರೆಯುವಾಗ ಹೊಸಬರು ಕೊಟ್ಟಿಗೆಗೆ ಬಂದರೆ ಅಮ್ಮ ‘ಆಚೆ ನಿಲ್ಲಿ, ಸೊರ ಬಿಡಲ್ಲ’ ಅನ್ನುತ್ತಿದ್ದರು, ಹಸು ಹಾಲು ಇಳಿಸಲ್ಲ ಅಂತ. 1941ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲ ಪಟ್ ಪಟ್ ಅಂತ ಒಡೆದು ಹೆದರಿಸಿದರು. ಹಸು ಹಾಲು ಇಳಿಸಲಿಲ್ಲ.

ತಾಯಂದಿರ ವಿಷಯದಲ್ಲಿ ಹೀಗೆ ಅಳೆದು ನೋಡಿದವರು ಮೈಕೆಲ್ ನ್ಯೂಟನ್, ನೈಲ್ಸ್ ನ್ಯೂಟನ್ ಅನ್ನುವ ಗಂಡ ಹೆಂಡತಿ, 1948ರಲ್ಲಿ. ಒಬ್ಬ ತಾಯಿ, ಒಂದು ಮಗು. ಹಾಲು ಕುಡಿಸುವ ಮುಂಚೆ ಮಗುವನ್ನು ತೂಗುವುದು, ಕುಡಿಸಿದ ಮೇಲೆ ತೂಗುವುದು. ತಾಯಿ ನೆಮ್ಮದಿಯಾಗಿ ಕೂತು ಕುಡಿಸಿದ ದಿನ ಮಗುವಿಗೆ ಸರಾಸರಿ 168 ಗ್ರಾಂ ಹಾಲು ಸಿಕ್ಕಿತು. ಕಾಲು ಐಸ್ ನೀರಿನಲ್ಲಿ ಇಡಿಸಿ, ಒಂದರ ಮೇಲೊಂದು ಲೆಕ್ಕ ಕೇಳಿ ಕಾಡಿಸಿದ ದಿನ 99 ಗ್ರಾಂ. ಅಷ್ಟೇ ಕಾಡಿಸಿ, ಜೊತೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟ ದಿನ ಮತ್ತೆ 153 ಗ್ರಾಂ. ಅಂದರೆ ಕಾಡಿಸಿದ ದಿನವೂ ಎದೆಯಲ್ಲಿ ಹಾಲಿತ್ತು. ಪೂರ್ತಿ ಇಳಿಯಲಿಲ್ಲ, ಅಷ್ಟೇ.

ಈಗ ನಮ್ಮ ಮನೆಯ ಪುಟ್ಟಿಯನ್ನು ನೋಡಿ. ಹನ್ನೆರಡು ದಿನದ ಬಾಣಂತಿ. ಸಿಸೇರಿಯನ್ ಆಗಿದೆ, ಹೊಲಿಗೆ ಇನ್ನೂ ಎಳೆಯುತ್ತಿದೆ, ಸರಿಯಾದ ನಿದ್ದೆ ಇಲ್ಲ. ‘ಹಾಲು ಸಾಲ್ತಾ ಇಲ್ಲ’ ಅನ್ನುವ ಮಾತು ಕಿವಿಗೆ ಬಿದ್ದಿದೆ. ಮುಂದಿನ ಸಲ ಮಗುವನ್ನು ಎದೆಗೆ ಹಾಕುವಾಗ ಅವಳ ಭುಜ ಬಿಗಿಯಾಗಿರುತ್ತದೆ, ಕಣ್ಣು ಮಗುವಿನ ಬಾಯಿ ಮೇಲೇ ಇರುತ್ತದೆ. ಬರುತ್ತಾ, ಬರಲ್ವಾ? ಹಾಲು ಇಳಿಯುವುದು ತಡವಾಗುತ್ತದೆ. ಮಗು ಎಳೆದೂ ಎಳೆದೂ ಸಾಕಾಗಿ ಅಳುತ್ತದೆ. ಬಾಗಿಲ ಹತ್ತಿರ ನಿಂತವರು ‘ನೋಡಿ, ನಾನು ಹೇಳಲಿಲ್ವಾ’ ಅನ್ನುತ್ತಾರೆ. ಡಬ್ಬಿ ಬರುತ್ತದೆ. ಬಾಟಲಿಯಲ್ಲಿ ಕುಡಿದ ಮಗು ಆ ಹೊತ್ತು ಎದೆ ಚೀಪುವುದಿಲ್ಲ. ಚೀಪದೆ ಇದ್ದರೆ ಪ್ರೊಲ್ಯಾಕ್ಟಿನ್ ಕಮ್ಮಿಯಾಗುತ್ತದೆ. ಇದು ಹೀಗೇ ದಿನಾ ನಡೆದರೆ ಹಾಲು ನಿಜವಾಗಿಯೂ ಕಮ್ಮಿಯಾಗುತ್ತದೆ. ಮೊದಲ ದಿನ ಸುಳ್ಳಾಗಿದ್ದ ಮಾತು ತಿಂಗಳು ತುಂಬುವಷ್ಟರಲ್ಲಿ ನಿಜ ಆಗಿಬಿಡುತ್ತದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಬೇರೆ ಎಷ್ಟೋ ಮಾತು ಮನಸ್ಸಿಗೆ ನೋವು ಕೊಟ್ಟು ಹೋಗುತ್ತವೆ. ಈ ಮಾತು ಮಗುವಿನ ಊಟಕ್ಕೇ ಕೈ ಹಾಕುತ್ತದೆ.

ನಮ್ಮ ದೇಶದಲ್ಲಿ 1992ರಿಂದ ಒಂದು ಕಾನೂನಿದೆ. ಎಳೆ ಮಕ್ಕಳ ಡಬ್ಬಿ ಹಾಲು, ಬಾಟಲಿ, ಇವನ್ನು ಜಾಹೀರಾತು ಮಾಡುವ ಹಾಗಿಲ್ಲ. ಬಾಣಂತಿಯ ಮನಸ್ಸು ಎಷ್ಟು ಬೇಗ ಅಲ್ಲಾಡುತ್ತದೆ ಅಂತ ಗೊತ್ತಿದ್ದೇ ಆ ಕಾನೂನು ಮಾಡಿದ್ದು. ಮನೆಯವರ ಬಾಯಿಗೆ ಯಾವ ಕಾನೂನೂ ಇಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಮಗು ಸೊರಗಿದೆ ಅಂದಿರಲ್ಲ, ಅದಕ್ಕೂ ಹೇಳಿಬಿಡುತ್ತೇನೆ. ಹುಟ್ಟಿದಾಗ 2.8 ಕೆಜಿ. ಆಸ್ಪತ್ರೆಯಿಂದ ಬರುವಾಗ 2.6. ಇದನ್ನು ಕೇಳಿ ಎಲ್ಲರೂ ಗಾಬರಿಯಾದಿರಿ. ಹುಟ್ಟಿದ ಮೊದಲ ಮೂರ್ನಾಲ್ಕು ದಿನ ಹೆಚ್ಚುಕಮ್ಮಿ ಎಲ್ಲ ಮಕ್ಕಳ ತೂಕವೂ ಇಳಿಯುತ್ತದೆ. ನೂರಕ್ಕೆ ಏಳರಷ್ಟು ಇಳಿಯುವುದು ಸಾಮಾನ್ಯ. ಹತ್ತು ದಾಟಿದರೆ ಡಾಕ್ಟರು ನೋಡಲೇಬೇಕು. ನಮ್ಮ ಮಗು ಇಳಿದದ್ದು ನೂರಕ್ಕೆ ಏಳು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಈಗ ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದೆ, ಹಳದಿ ಕಕ್ಕ ಮಾಡುತ್ತಿದೆ ಅಂತ ಪುಟ್ಟಿ ಹೇಳಿದಳು. ಒಳಗೆ ಹೋಗದೆ ಹೊರಗೆ ಎಲ್ಲಿಂದ ಬರಬೇಕು, ಹೇಳಿ? ಫೋಟೋ ನೋಡಿ ಮಗುವಿನ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳಲು ನನ್ನ ಕೈಯಲ್ಲೂ ಆಗುವುದಿಲ್ಲ. ಸಂಜೆ ಹೊತ್ತು ಗಂಟೆಗೆ ಎರಡು ಸಲ ಎದೆ ಕೇಳುವುದು, ಸುಮ್ನೆ ಅಳುವುದು, ಇವೆಲ್ಲ ಎಳೆ ಮಕ್ಕಳ ಸ್ವಭಾವ. ಇನ್ನು ಸ್ವಲ್ಪ ದಿನಕ್ಕೆ ಪುಟ್ಟಿಯ ಎದೆ ಮೊದಲಿನ ಹಾಗೆ ಬಿಗಿಯಾಗಿರದೆ ಮೆತ್ತಗಾಗುತ್ತದೆ. ಆಗ ‘ಬತ್ತಿಹೋಯ್ತು’ ಅಂತ ಯಾರೂ ಅನ್ನಬೇಡಿ. ಮಗುವಿಗೆ ಎಷ್ಟು ಬೇಕೋ ಅಷ್ಟಕ್ಕೆ ಮೈ ಹೊಂದಿಕೊಂಡಿದೆ ಅಂತ ಅದರ ಅರ್ಥ.

ಮಾತು ಕೆಡಿಸುವ ಹಾಗೆ ಮಾತು ಉಳಿಸುತ್ತದೆ ಕೂಡ. ನಮ್ಮ ವಾರ್ಡಿನಲ್ಲಿ ಒಬ್ಬ ಆಯಾ ಇದ್ದರು. ಓದು ಬರಹ ಬಾರದು. ಹಾಲು ಬರುತ್ತಿಲ್ಲ ಅಂತ ಅಳುವ ಹುಡುಗಿಯರ ಹತ್ತಿರ ನಾವು ಅವರನ್ನೇ ಕಳಿಸುತ್ತಿದ್ದೆವು. ಅವರು ಮೊದಲು ಮಂಚದ ಸುತ್ತ ನಿಂತ ನೆಂಟರನ್ನು ಕಾಫಿ ಕುಡಿದು ಬನ್ನಿ ಅಂತ ಹೊರಗೆ ಸಾಗಿಸುತ್ತಿದ್ದರು. ಹುಡುಗಿಯ ಬೆನ್ನಿಗೆ ದಿಂಬು ಕೊಟ್ಟು, ಭುಜವನ್ನು ಕೈಯಿಂದ ಮೆಲ್ಲಗೆ ಕೆಳಗೆ ಒತ್ತಿ, ಮಗುವಿನ ಬಾಯಿ ಸರಿಯಾಗಿ ಹಿಡಿಸುತ್ತಿದ್ದರು. ಆಮೇಲೆ ‘ಮಾತಾಡಬೇಡ ಕಣವ್ವ, ಕೇಳಿಸ್ಕೋ. ಗುಟುಕು ಹಾಕ್ತಾ ಇದೆ’ ಅನ್ನುತ್ತಿದ್ದರು. ಹುಡುಗಿ ಅಳು ನಿಲ್ಲಿಸಿ ಕಿವಿ ಕೊಡುತ್ತಿದ್ದಳು. ಎರಡು ಮೂರು ಸಲ ಚೀಪಿದ ಮೇಲೆ ಮಗುವಿನ ಗಂಟಲಲ್ಲಿ ಒಂದು ಸಣ್ಣ ಸದ್ದು. ‘ಒಂದು ಆಯ್ತಾ? ಇನ್ನೊಂದು ಬರುತ್ತೆ, ಎಣಿಸು.’ ಅವಳು ಎಣಿಸುತ್ತಾ ಎಣಿಸುತ್ತಾ ಭುಜ ಸಡಿಲ ಬಿಡುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಎದೆಯಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ‘ನೋಡು, ಅಲ್ಲಿ ಚೆಲ್ಲಿ ಹೋಗ್ತಾ ಇದೆ, ಹಾಲಿಲ್ಲ ಅಂತ ನಿನಗೆ ಯಾರವ್ವ ಹೇಳಿದ್ದು?’ ಅಂತ ಆ ಆಯಾ ಕೇಳಿದಾಗ ಹುಡುಗಿಯ ಮುಖ ನೋಡಬೇಕಿತ್ತು ನೀವು.

ಇದಕ್ಕೂ ಅಳತೆ ಇದೆ. ದಿನ ತುಂಬದೆ ಹುಟ್ಟಿ ಆಸ್ಪತ್ರೆಯಲ್ಲಿ ಇಟ್ಟಿದ್ದ ಮಕ್ಕಳ ತಾಯಂದಿರಿಗೆ ಅಮೆರಿಕದಲ್ಲಿ ಒಂದು ಕ್ಯಾಸೆಟ್ ಕೊಟ್ಟು ನೋಡಿದರು. ಅದರಲ್ಲಿ ಸಮಾಧಾನವಾಗಿ ಮಾತಾಡುವ ಒಂದು ದನಿ. ಉಸಿರು ನಿಧಾನ ಬಿಡು, ಹಾಲು ಇಳಿಯುವುದನ್ನು ನೆನೆಸಿಕೋ, ಇಂಥ ಮಾತು. ಕ್ಯಾಸೆಟ್ ಕೇಳಿದವರಿಗೆ ಕೇಳದವರಿಗಿಂತ ಶೇಕಡಾ 63ರಷ್ಟು ಜಾಸ್ತಿ ಹಾಲು ಬಂತು. 1989ರಲ್ಲಿ ಪ್ರಕಟವಾದ ವರದಿ ಅದು. 2019ರಲ್ಲಿ ಪ್ರಕಟವಾದ ಇನ್ನೊಂದು ವರದಿಯ ಪ್ರಕಾರ, ಮಲೇಷ್ಯಾದಲ್ಲಿ ಚೊಚ್ಚಲ ಬಾಣಂತಿಯರ ಜೊತೆ ಹೀಗೇ ಮಾಡಿದಾಗ ಮಕ್ಕಳ ತೂಕವೂ ಚೆನ್ನಾಗಿ ಏರಿತು, ನಿದ್ದೆಯೂ ಜಾಸ್ತಿಯಾಯಿತು. ಔಷಧಿ ಇಲ್ಲ, ಪುಡಿ ಇಲ್ಲ. ಒಂದು ದನಿ, ನಾಲ್ಕು ಒಳ್ಳೆಯ ಮಾತು.

ನಮ್ಮ ಅಜ್ಜಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ಬಾಯಿ ತಪ್ಪಿ ಕೆಟ್ಟದ್ದು ಆಡಿದರೆ ‘ಬಿಡ್ತು ಅನ್ನು’ ಅಂತ ಗದರುತ್ತಿದ್ದರು. ಮೇಲೆ ಅಶ್ವಿನಿ ದೇವತೆಗಳು ಅಸ್ತು ಅಂದುಬಿಡುತ್ತಾರೆ ಅಂತ ಅವರಿಗೆ ಭಯ. ಮೊಮ್ಮಕ್ಕಳಿಗೆ ದೃಷ್ಟಿ ತೆಗೆದು ಉಪ್ಪು ಮೆಣಸಿನಕಾಯಿ ಒಲೆಗೆ ಹಾಕುವುದನ್ನು ನಾವು ಇವತ್ತಿಗೂ ಬಿಟ್ಟಿಲ್ಲ. ಬಾಣಂತಿ ಕೋಣೆಯಲ್ಲಿ ಬಾಯಿಗೆ ಬಂದದ್ದು ಆಡಬಾರದು ಅನ್ನುವುದನ್ನು ಮಾತ್ರ ಮರೆತೆವು.

ಒಂದು ವಿಷಯದಲ್ಲಿ ನನ್ನನ್ನು ತಪ್ಪು ತಿಳಿಯಬೇಡಿ. ಏನು ಕಂಡರೂ ಬಾಯಿ ಮುಚ್ಚಿಕೊಂಡಿರಿ ಅಂತ ನಾನು ಹೇಳುತ್ತಿಲ್ಲ. ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಉಚ್ಚೆ ಕಮ್ಮಿಯಾದರೆ, ಮೈಯ ಹಳದಿ ಬಣ್ಣ ಕಾಲಿನವರೆಗೆ ಇಳಿದರೆ, ಎರಡು ವಾರಕ್ಕೂ ಹುಟ್ಟಿದ ತೂಕ ಬಾರದಿದ್ದರೆ ಒಂದು ಗಂಟೆಯೂ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ಕೆಲವರಿಗೆ ನಿಜವಾಗಿಯೂ ಹಾಲು ಕಮ್ಮಿ ಇರುತ್ತದೆ. ಥೈರಾಯ್ಡ್ ಇರಬಹುದು, ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿರಬಹುದು. ಅಂಥವರಿಗೆ ಡಾಕ್ಟರು ಬರೆದುಕೊಟ್ಟ ಡಬ್ಬಿ ಹಾಲೇ ಮಗುವಿನ ಪ್ರಾಣ ಕಾಯುತ್ತದೆ. ಅವರನ್ನು ‘ನೀನೆಂಥ ತಾಯಿ’ ಅಂತ ಚುಚ್ಚುವುದೂ ಇಷ್ಟೇ ಕೆಟ್ಟದ್ದು. ಅನುಮಾನ ಇದ್ದವರು ಅತ್ತಿಗೆಗೋ ನನಗೋ ಫೋನ್ ಮಾಡಿ. ಗ್ರೂಪಿನಲ್ಲಿ ಬೇಡ, ಪುಟ್ಟಿಯ ಕಿವಿಗೆ ಬೀಳುವ ಹಾಗೆ ಬೇಡ.

ಇನ್ನೊಂದು ಮಾತು ಇದಕ್ಕಿಂತ ಭಯ ನನಗೆ. ‘ನಾವೆಲ್ಲ ಹೆತ್ತಿಲ್ವಾ, ನಿನ್ನದೇನು ದೊಡ್ಡದು?’ ಹೆರಿಗೆ ಆದಮೇಲೆ ಮನಸ್ಸು ಕುಗ್ಗುವುದು ಒಂದು ಕಾಯಿಲೆ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ನೂರರಲ್ಲಿ ಸುಮಾರು 22 ಬಾಣಂತಿಯರಿಗೆ ಅದು ಕಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಅಷ್ಟು ದೂರ ಹೋಗಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಪುಟ್ಟಿಗೆ ಹಾಗೇನೂ ಆಗಿಲ್ಲ. ಆದರೆ ಈ ಗ್ರೂಪಿನಲ್ಲಿ ಇನ್ನೂ ಹೆಣ್ಣುಮಕ್ಕಳಿದ್ದಾರೆ, ನಂಬರ್ ಇಟ್ಟುಕೊಂಡಿರಿ.

ಪುಟ್ಟಿ, ನೀನೂ ಕೇಳುತ್ತಿದ್ದೀಯ ಅಂತ ಗೊತ್ತು. ನಿನ್ನೆ ರಾತ್ರಿ ಹಾಲು ತಡವಾಗಿ ಇಳಿದದ್ದು ಹೋಗಿಬಿಡುವಂಥದ್ದೇ. ಹೆದರಿಕೆ ಇಳಿದರೆ ಹಾಲೂ ಇಳಿಯುತ್ತದೆ. ಮಗು ಕೇಳಿದಾಗೆಲ್ಲ ಕುಡಿಸು. ಅಮ್ಮ ಮಾಡಿಕೊಡುವ ಸಬ್ಬಸಿಗೆ ಪಲ್ಯ, ಮೆಂತ್ಯ, ಬೆಳ್ಳುಳ್ಳಿ ಎಲ್ಲ ತಿನ್ನು. ನೀರು ಚೆನ್ನಾಗಿ ಕುಡಿ. ಬಾಣಂತಿ ನೀರು ಕುಡಿಯಬಾರದು ಅಂತ ಯಾರು ಹೇಳಿದರೂ ಕೇಳಬೇಡ. ರಾತ್ರಿ ಫೋನ್ ಪಕ್ಕಕ್ಕಿಟ್ಟು ಗುಟುಕು ಎಣಿಸು.

ಅತ್ತಿಗೆ, ಸ್ವಲ್ಪ ದಿನ ಯಾರೇ ನೋಡಲು ಬಂದರೂ ಹಾಲು ಕುಡಿಸುವ ಹೊತ್ತಿಗೆ ಕೋಣೆಯಿಂದ ಹೊರಗೆ ಕೂರಿಸಿ. ಬೀಗರಿಗೆ ಬೇಕಾದರೆ ನನ್ನ ಹೆಸರು ಹೇಳಿ, ನರ್ಸ್ ಅತ್ತೆ ಹೇಳಿದ್ದಾರೆ ಅಂತ. ನಾಡಿದ್ದು ಹದಿನಾಲ್ಕನೇ ದಿನ, ಆಶಾ ಕಾರ್ಯಕರ್ತೆ ಬರುತ್ತಾರೆ, ಮಗುವನ್ನು ತೂಗುತ್ತಾರೆ. ತೂಕ ಎಷ್ಟು ಅಂತ ಮೊದಲು ಪುಟ್ಟಿಗೇ ಹೇಳಲಿ. ಆಮೇಲೆ ತಾಯಿ ಕಾರ್ಡಿನಲ್ಲಿ ತೂಕ ಬರೆದ ಪುಟದ ಫೋಟೋ ತೆಗೆದು ನನ್ನೊಬ್ಬಳ ನಂಬರಿಗೆ ಕಳಿಸಿ. ಏನೇ ಇದ್ದರೂ ನಾನು ಆಗಲೇ ಫೋನ್ ಮಾಡುತ್ತೇನೆ.